ಹಿಮ್ಮೇಳ ಸಿಕ್ಕ ರಾತ್ರಿ

ಜಾನಪದ ಅಕಾಡೆಮಿಯ ವಾರ್ಷಿಕ ಪ್ರಶಸ್ತಿ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ತಾತ ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಚಾಮರಾಜನಗರ ಜಿಲ್ಲೆಯ ಎದುರಿಗೆ ಅವರ ಹೆಸರು, ಪಕ್ಕದಲ್ಲಿ ‘ನೀಲಗಾರರ ಪದ’ ಎಂದಿತ್ತು. ಓದಿ ಹೇಳಿದೆ. ‘ನೀಲಗಾರ ಎಂದೇ ಬರೆದಿದ್ದಾರೆಯೇ ಕೂಸು?’ ಎಂದು ಕೇಳಿ, ಇನ್ನೊಮ್ಮೆ ಓದಿಸಿಕೊಂಡರು. ನೀಲಗಾರರೆಂದರೆ ಸಂತ ಮಂಟೇಸ್ವಾಮಿಯ ಪದ ಹಾಡುವ ಪರಂಪರೆಯವರು. ಮನೆ ಮನೆಯ ಮುಂದೆ ನಿಂತು ಆ ಪದ ಹಾಡಿ, ಮೊರದಲ್ಲಿ ಕೊಟ್ಟ ರಾಗಿಯನ್ನು ಜೋಳಿಗೆಗೆ ಸುರಿದುಕೊಂಡು ಬಂದವರು ಅವರು.

1980ರಲ್ಲಿ ಅಕಾಡೆಮಿ ಶುರುವಾದಾಗ ಜಾನಪದವೂ ಯಕ್ಷಗಾನವೂ ಒಂದೇ ಸೂರಿನಡಿ ಇದ್ದವು. ಯಕ್ಷಗಾನಕ್ಕೆ ಬೇರೆ ಅಕಾಡೆಮಿ ಆದದ್ದು ಆಮೇಲೆ. ಈಗ ಪ್ರಶಸ್ತಿ ಜಿಲ್ಲೆಗೊಬ್ಬರಿಗೆ. ಆ ವರ್ಷ ಮೂವತ್ತು ಮಂದಿ ಕಲಾವಿದರು, ಜೊತೆಗೆ ಜಾನಪದ ವಿದ್ವಾಂಸರಾದ ಜೀ.ಶಂ. ಪರಮಶಿವಯ್ಯ ಮತ್ತು ಬಿ.ಎಸ್. ಗದ್ದಗಿಮಠ ಅವರ ಹೆಸರಿನ ಎರಡು ತಜ್ಞ ಪ್ರಶಸ್ತಿಗಳು. ‘ಜಿಲ್ಲೆಗೊಬ್ಬರು’ ಎಂಬುದನ್ನು ಅಲ್ಲಿಯವರೆಗೆ ನಾನು ಬರೀ ಲೆಕ್ಕಾಚಾರ ಎಂದುಕೊಂಡಿದ್ದೆ. ಅದು ಏನೆಂದು ತಿಳಿದದ್ದು ಸಮಾರಂಭದ ಹಿಂದಿನ ರಾತ್ರಿ, ನಮ್ಮನ್ನು ಇಳಿಸಿದ್ದ ಕಲ್ಯಾಣ ಮಂಟಪದಲ್ಲಿ.

ಇಡೀ ದಿನದ ಪ್ರಯಾಣದಲ್ಲಿ ತಾತ ತಂಬೂರಿಯನ್ನು ಕೆಳಗಿಡಲಿಲ್ಲ. ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬುರುಡೆಗೆ ಪೆಟ್ಟಾಗದಂತೆ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. ನಾವು ತಲುಪುವ ಹೊತ್ತಿಗೆ ಮಂಟಪದ ತುಂಬ ಜಮಖಾನೆ ಹಾಸಿತ್ತು. ಒಂದು ಮೂಲೆಯಲ್ಲಿ ಕರಡಿ ಮಜಲು ವಾದ್ಯದವರು, ಕಿಟಕಿಯ ಕೆಳಗೆ ಡೊಳ್ಳಿನವರೊಬ್ಬರು, ನಮ್ಮ ಪಕ್ಕದಲ್ಲೇ ಚೌಡಿಕೆ ಎಂಬ ತಂತಿವಾದ್ಯ ಹಿಡಿದ, ಎಲ್ಲಮ್ಮನ ಸೇವೆಯ ವಯಸ್ಸಾದ ಜೋಗತಿ. ಊಟದ ಹೊತ್ತಿಗೆ ಅವರೇ ಮಾತು ತೆಗೆದರು. 2019ರಲ್ಲಿ ಮಂಜಮ್ಮ ಜೋಗತಿ ಈ ಅಕಾಡೆಮಿಯ ಅಧ್ಯಕ್ಷೆಯಾದಾಗ ತಮ್ಮ ಓಣಿಯಲ್ಲಿ ಸಕ್ಕರೆ ಹಂಚಿದ್ದನ್ನು ಹೇಳುವಾಗ ಅವರ ದನಿ ಅಷ್ಟೆತ್ತರಕ್ಕೆ ಏರಿತು. ಎರಡು ವರ್ಷದ ಮೇಲೆ ಮಂಜಮ್ಮ ಪದ್ಮಶ್ರೀ ಪಡೆದರಲ್ಲ, ಆಗ ಟಿ.ವಿ. ಮುಂದೆ ಕುಳಿತು ಅತ್ತರಂತೆ.

‘ಅಜ್ಜಾ, ನಿಮ್ಮ ತಂತಿ ಕೇಳೋಣ’ ಎಂದರು.

ತಾತ ಹಿಂಜರಿದರು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ನೀಲಗಾರರ ಕಥೆ ಒಬ್ಬರ ಹಾಡಲ್ಲ. ಮುಂದೆ ಹಾಡುವವರು ಸಾಲು ಬಿಟ್ಟ ಕಡೆ ಹಿಡಿದೆತ್ತಲು ಹಿಮ್ಮೇಳ ಬೇಕು, ಮಾತಿಗೆ ಮಾತು ಕೂಡಿಸುವವರು ಬೇಕು. ತಾತನ ಹಿಮ್ಮೇಳದ ಇಬ್ಬರಲ್ಲಿ ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರು ಹಾಸಿಗೆ ಹಿಡಿದಿದ್ದರು. ರಾತ್ರಿಯಿಡೀ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಕಥೆ ಹಾಡುತ್ತಿದ್ದ ಮನುಷ್ಯ ನಾಲ್ಕೈದು ವರ್ಷಗಳಿಂದ ಬಿಡಿ ಪದಗಳನ್ನಷ್ಟೇ ಹೇಳುತ್ತಿದ್ದರು. ಪ್ರಶಸ್ತಿ ಬಂದದ್ದು ಸಂತೋಷ. ಆ ಮೂವರೂ ಇದ್ದಾಗ ಬರಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಆದರೂ ದುಪ್ಪಟಿ ಬಿಚ್ಚಿದರು. ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಂಡು ಧರೆಗೆ ದೊಡ್ಡವರಾದ ಮಂಟೇಸ್ವಾಮಿಯನ್ನು ನೆನೆದು ಮೊದಲ ಸಾಲು ಎತ್ತಿದರು. ಸಾಲು ಮುಗಿದಾಗ ಅಭ್ಯಾಸಬಲದಿಂದ ಎಡಕ್ಕೆ ತಿರುಗಿದರು. ಅಲ್ಲಿ ನಾನಿದ್ದೆ. ಚಿಕ್ಕಂದಿನಿಂದ ಕೇಳಿದ ಸೊಲ್ಲು, ಬಾಯಿಗೆ ತಾನಾಗಿ ಬಂತು. ಎರಡನೆಯ ಸಲ ಜೋಗತಿಯ ದನಿಯೂ ಸೇರಿತು. ಪದದ ಅರ್ಥ ಅವರಿಗೆ ಪೂರ್ತಿ ಆಗಿರಲಾರದು, ಆದರೆ ಎಲ್ಲಿ ಎತ್ತಬೇಕು, ಎಲ್ಲಿ ಬಿಡಬೇಕು ಎಂಬುದರಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಚೌಡಿಕೆಯ ತಂತಿ ತಂಬೂರಿಯ ಜೊತೆ ‘ಡುಂಯ್’ ಎನ್ನುತ್ತಾ ಹೆಜ್ಜೆ ಹಾಕಿತು. ಸ್ವಲ್ಪ ಹೊತ್ತಿಗೆ ಡೊಳ್ಳಿನವರು ಬೆರಳ ತುದಿಯಲ್ಲಷ್ಟೇ ತಾಳ ಹಿಡಿದರು. ಮಲಗಿದ್ದವರು ಎದ್ದು ಕುಳಿತರು. ತಾತ ಕಣ್ಣು ಮುಚ್ಚಿದವರು ಕಥೆಯ ನಡುವಿಗೆ ಬಂದು ನಿಲ್ಲಿಸಿದಾಗ ಎರಡು ಗಂಟೆ ದಾಟಿತ್ತು.

ಮರುದಿನ ಶಾಲು, ಹಾರ, ಫಲಕ, ಇಪ್ಪತ್ತೈದು ಸಾವಿರ ರೂಪಾಯಿಯ ಗೌರವ. ಸಭಾಂಗಣ ಕಿಕ್ಕಿರಿದಿತ್ತು. ಮೂವತ್ತು ಜನರೂ ಹಾಡಲು ಕೂತರೆ ಮೂರು ದಿನ ಬೇಕಾದೀತು, ಹಾಗಾಗಿ ಯಾರೂ ಹಾಡಲಿಲ್ಲ. ತಾತ ವೇದಿಕೆಯಲ್ಲಿ ನೆಟ್ಟಗೆ ನಿಂತು ಕೈಮುಗಿದದ್ದು ಚಿತ್ರದಲ್ಲಿ ಚೆನ್ನಾಗಿ ಬಂದಿದೆ.

ಹೊರಡುವಾಗ ಬಸ್ ನಿಲ್ದಾಣದಲ್ಲಿ ಫಲಕದ ಚೀಲ ನನ್ನ ಕೈಗೆ ಕೊಟ್ಟು, ತಂಬೂರಿಯನ್ನು ತಾವೇ ಹೆಗಲಿಗೇರಿಸಿಕೊಂಡು, ‘ಆ ತಾಯಿಯ ನಂಬರು ಬರೆದುಕೊಂಡೆಯಾ?’ ಎಂದು ಕೇಳಿದರು. ಬರೆದುಕೊಂಡಿದ್ದೇನೆ ಎಂದೆ. ‘ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಗೆ ಬರಬೇಕೆಂದು ಈಗಲೇ ಹೇಳಿಬಿಡು. ಕಥೆ ಅರ್ಧಕ್ಕೆ ನಿಂತಿದೆ’ ಎಂದರು.