ಹದಿನೇಳನೇ ಕುರಿಗೆ ಪಟ್ಟೆ ಹೋಯಿತು

ನಿನ್ನೆ ಸಂಜೆ ಹದಿನೇಳನೇ ಕುರಿಯ ಮೈಮೇಲೆ ಉಣ್ಣೆ ಕತ್ತರಿಸುವ ಮಷೀನು ಹೋದ ದಾರಿಯಲ್ಲಿ ಅರ್ಧಂಬರ್ಧ ಕತ್ತರಿಸಿದ ಉಣ್ಣೆಯ ಒಂದೇ ಒಂದು ಪಟ್ಟೆ ಉಳಿಯಲಿಲ್ಲ. ಮೂರು ವಾರದಿಂದ ತಲೆ ತಿಂದ ಸಮಸ್ಯೆ ಇದು. ಅದಕ್ಕೇ ಕೈಗೆ ಅಂಟಿದ ಉಣ್ಣೆ ವಾಸನೆ ಹೋಗುವ ಮೊದಲೇ ಬರೆಯಲು ಕೂತಿದ್ದೇನೆ.

ಹಿಂದಿನ ರಾತ್ರಿ ಮೇವು ಹಾಕದೆ ಬಿಡುವುದು, ಹೊಳೆಯಲ್ಲಿ ಮೈ ತೊಳೆದು ಪೂರ್ತಿ ಒಣಗಿಸುವುದು, ಹೊಟ್ಟೆಯಿಂದ ಶುರು ಮಾಡುವುದು, ಎಡಗೈಯಲ್ಲಿ ಚರ್ಮ ಎಳೆದು ಹಿಡಿಯುವುದು ಎಲ್ಲ ನಿಮಗೆ ಗೊತ್ತಿರುವುದೇ. ಅಳ್ಳೆಯ ಹತ್ತಿರ ಮಾತ್ರ ಇನ್ನೂ ಉಸಿರು ಬಿಗಿಹಿಡಿದು ಮಷೀನು ಓಡಿಸುತ್ತೇನೆ. ಅಲ್ಲಿ ಚರ್ಮ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ. ಈ ಸಲ ಎರಡು ಕುರಿಗೆ ಗಾಯವಾಯಿತು, ಎರಡೂ ಅಲ್ಲೇ. ನೊಣ ಕೂತರೆ ಹುಳ ಬೀಳುತ್ತದೆಂದು ತಕ್ಷಣ ಬೇವಿನೆಣ್ಣೆ ಹಚ್ಚಿದೆ. ಈಗ ಎರಡೂ ಒಣಗಿವೆ.

ಇನ್ನು ಪಟ್ಟೆಯ ಕಥೆ. ನನ್ನದು 9 ಹಲ್ಲಿನ ಬಾಚಣಿಗೆ, 4 ಮೊನೆಯ ಕಟರ್ ಇರುವ ಕೈಮಷೀನು. ಬಾಚಣಿಗೆ ಅಂದರೆ ಕೆಳಗೆ ಅಲ್ಲಾಡದೆ ನಿಲ್ಲುವ ಹಲ್ಲಿನ ಅಲಗು, ಕಟರ್ ಅದರ ಮೇಲೆ ಆಚೀಚೆ ಓಡಿ ಉಣ್ಣೆ ಕತ್ತರಿಸುವ ಅಲಗು. ಹೊಸದರಲ್ಲಿ ನಾಲ್ಕು ಕುರಿ ಸಲೀಸಾಗಿ ಆದವು. ಐದನೆಯದಕ್ಕೆ ಧಾರ ಹೋಯಿತು. ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮವು ಡೆಕ್ಕನಿ ಕರಿ ಕುರಿ, ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ತರುಬಿದ ಹಿಂಡು. ಎಷ್ಟು ತೊಳೆದರೂ ಉಣ್ಣೆಯ ಬುಡದಲ್ಲಿ ಮರಳು ಇದ್ದೇ ಇರುತ್ತದೆ. ಪೇಟೆಯಲ್ಲಿ ಸಾಣೆ ಹಿಡಿಸಿಕೊಂಡು ಬಂದೆ. ಉಗುರಿನ ಮೇಲೆ ಇಟ್ಟರೆ ಕಚ್ಚುವಷ್ಟು ಧಾರ. ಕುರಿಯ ಮೇಲೆ ಇಟ್ಟರೆ ಮಾತ್ರ ಮಷೀನು ಉಣ್ಣೆ ಕೀಳುತ್ತಿತ್ತು! ಕುರಿ ಒದ್ದಾಡಿತು. ಹೋದ ದಾರಿಯಲ್ಲಿ ನಡುವೆ ನುಣುಪು, ಎರಡೂ ಅಂಚಿಗೆ ಅರ್ಧ ಕತ್ತರಿಸಿದ ಜುಬರು.

ಮೊದಲು ಬಿಗಿತದ ಮೇಲೆ ಅನುಮಾನ ಬಂತು. ಕಟರನ್ನು ಬಾಚಣಿಗೆಗೆ ಒತ್ತಿ ಹಿಡಿಯುವ ತಿರುಪನ್ನು ಅದು ತಡೆ ಕೊಡುವವರೆಗೆ ತಿರುಗಿಸಿ ಕಾಲು ಸುತ್ತು ಹೆಚ್ಚು ಬಿಗಿ ಮಾಡುವುದು ಕ್ರಮ. ನಾನು ಅರ್ಧ ಸುತ್ತು, ಮುಕ್ಕಾಲು ಸುತ್ತು ಬಿಗಿದೆ. ಪಟ್ಟೆ ಹೋಗಲಿಲ್ಲ, ಬಾಚಣಿಗೆ ಎರಡು ನಿಮಿಷಕ್ಕೆ ಮುಟ್ಟಲಾರದಷ್ಟು ಕಾದಿತು. ಆ ಬಿಸಿ ಕುರಿಯ ಚರ್ಮಕ್ಕೆ ತಾಗುತ್ತದೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆಮೇಲೆ ಕಟರ್ ಇರುವ ಜಾಗ ಸರಿಮಾಡಿದೆ. ಬಾಚಣಿಗೆಯ ಸಾಣೆ ಮುಗಿಯುವ ಗೆರೆಗಿಂತ ಕಟರ್ ತುದಿ ಒಂದೂವರೆ ಮಿಲಿಮೀಟರ್ ಹಿಂದೆ ಇರಬೇಕು, ಇತ್ತು. ಎಣ್ಣೆ ಬದಲಿಸಿದೆ. ಹೊಸ ಜೋಡಿ ತರಿಸೋಣವೆಂದರೆ ಅಂಗಡಿಯವರು ಎರಡು ಸಲ ಬೇರೆ ಅಳತೆಯದನ್ನೇ ಕಳಿಸಿದರು. ಫೋಟೊ ಕಳಿಸಿ, ತಿರುಪಿನ ತೂತುಗಳ ನಡುವಿನ ಅಂತರ ಅಳೆದು ಹೇಳಿದರೂ ಅಷ್ಟೇ. ವಾಪಸು ಕಳಿಸುವ ಖರ್ಚು ನನ್ನದಂತೆ. ಈ ಸಾಮಾನು ಮಾರುವವರು ಒಂದು ಸಲವಾದರೂ ಅದನ್ನು ಮಷೀನಿಗೆ ಹಾಕಿ ನೋಡಿರಬೇಕು ಅನ್ನುವುದು ನನ್ನ ವಾದ.

ದಾರಿ ತೋರಿಸಿದ್ದು ದೊಡ್ಡಪ್ಪ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು, “ಮಷೀನು ಉಣ್ಣಿ ಕೀಳಾಕತ್ತೈತಿ, ಕತ್ತರಸವಲ್ದು ನೋಡಪಾ” ಅಂದರು. ಅವರು ಇವತ್ತಿಗೂ ಕೈಕತ್ತರಿಯವರು. ಅವರ ಖುಷಿಗೆಂದು ಜಾಕಿ ಹೌ ಎಂಬ ಕುರಿ ಕತ್ತರಿಸುವವನ ಕಥೆ ಹೇಳಿದೆ. ಆಸ್ಟ್ರೇಲಿಯಾದ ಡನ್‌ಲಾಪ್‌ನಲ್ಲಿ 1888ರಲ್ಲೇ ಇಡೀ ಹಿಂಡನ್ನು ಮಷೀನಿನಲ್ಲಿ ಕತ್ತರಿಸಿ ಮುಗಿಸಿದ್ದರು. ಆದರೂ 1892ರಲ್ಲಿ ಕ್ವೀನ್ಸ್‌ಲ್ಯಾಂಡಿನ ಆಲಿಸ್ ಡೌನ್ಸ್‌ನಲ್ಲಿ ಈ ಮನುಷ್ಯ ಕೈಕತ್ತರಿಯಲ್ಲಿ 7 ಗಂಟೆ 40 ನಿಮಿಷಕ್ಕೆ 321 ಕುರಿ ಕತ್ತರಿಸಿದ. ದೊಡ್ಡಪ್ಪ ಬೆರಗಾಗಲಿಲ್ಲ. “ಅಂವನ ಕತ್ತರಿ ಎರಡೂ ಅಲಗು ತುದೀ ತನಕಾ ಕೂಡ್ತಿದ್ದುವೇನು?” ಎಂದು ಕೇಳಿದರು.

ರಾತ್ರಿ ಬಾಚಣಿಗೆ, ಕಟರ್ ಎರಡನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಮುಖಕ್ಕೆ ಮುಖ ಹಚ್ಚಿ ಟ್ಯೂಬ್‌ಲೈಟಿಗೆ ಹಿಡಿದೆ. ನಡುವೆ ಕತ್ತಲೆ. ಎರಡೂ ಕೊನೆಗೆ ಕೂದಲೆಳೆಯಷ್ಟು ಬೆಳಕಿನ ಗೆರೆ! ಉರುಟು ಸಾಣೆಕಲ್ಲಿಗೆ ಕೈಯಲ್ಲಿ ಒತ್ತಿ ಹಿಡಿದಿದ್ದರಿಂದ ಅಂಚು ಹೆಚ್ಚು ಸವೆದು ನಡು ಉಬ್ಬಿತ್ತು. ಧಾರ ಇತ್ತು, ಕೂಡುವಿಕೆ ಇರಲಿಲ್ಲ. ಅಂಚಿನಲ್ಲಿ ಉಣ್ಣೆ ಕತ್ತರಿಸಿಕೊಳ್ಳದೆ ಆ ಸಂದಿಯೊಳಗೆ ಮಡಚಿಕೊಂಡು ಸಿಕ್ಕಿಬೀಳುತ್ತಿತ್ತು. ಕುರಿಯ ಬೆನ್ನಿನ ಪಟ್ಟೆ ಮೊದಲ ದಿನದಿಂದ ಇದನ್ನೇ ತೋರಿಸುತ್ತಿತ್ತು.

ಹಳೆ ಟೀಪಾಯಿಯ ದಪ್ಪ ಗಾಜಿನ ಮೇಲೆ 220 ನಂಬರಿನ ವಾಟರ್ ಪೇಪರ್, ಅಂದರೆ ಉಜ್ಜುವ ಉಪ್ಪುಕಾಗದ, ಅಂಟಿಸಿದೆ. ಬಾಚಣಿಗೆಯ ಮುಖಕ್ಕೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು, ಬೆನ್ನಿಗೆ ಅಯಸ್ಕಾಂತ ಕಚ್ಚಿಸಿ ಅದನ್ನೇ ಹಿಡಿಕೆ ಮಾಡಿಕೊಂಡು, ಒತ್ತದೆ, ಒಂದೇ ದಿಕ್ಕಿಗೆ ಉಜ್ಜಿದೆ. ಮೊದಲು ನಡುವಿನ ಮೂರು ಹಲ್ಲಿನ ಕಪ್ಪು ಮಾತ್ರ ಹೋಯಿತು. ಇಪ್ಪತ್ತು ನಿಮಿಷಕ್ಕೆ ಏಳು ಹಲ್ಲು. ಅಂಚಿನ ಕೊನೆಯ ಹಲ್ಲುಗಳ ಕಪ್ಪು ಹೋಗಲು ಇನ್ನೂ ಅರ್ಧ ಗಂಟೆ ಬೇಕಾಯಿತು. ಆಮೇಲೆ ಇನ್ನೂ ನಯವಾದ 400ರ ಕಾಗದದಲ್ಲಿ ನುಣುಪು. ಕಟರಿಗೂ ಹಾಗೆಯೇ. ಕಾರ್ಖಾನೆಯಲ್ಲಾದರೆ ಸುತ್ತುವ ತಟ್ಟೆಯ ಮೇಲೆ ಸಾಣೆ ಹಿಡಿದು ಮುಖವನ್ನು ಎಷ್ಟೋ ಸೂಕ್ಷ್ಮವಾಗಿ ತಗ್ಗು ಮಾಡುತ್ತಾರೆ. ನನ್ನ ಗಾಜಿನಲ್ಲಿ ಆ ತಗ್ಗು ಬರುವುದಿಲ್ಲ. ಆದರೆ ಉಬ್ಬಿಗಿಂತ ಸಮತಟ್ಟು ನೂರು ಪಾಲು ಮೇಲು.

ಈಗ ಕಾಲು ಸುತ್ತಿನ ಬಿಗಿತವೇ ಸಾಕಾಗುತ್ತದೆ. ಎಣ್ಣೆ ಮಾತ್ರ ಪ್ರತಿ ಕುರಿಗೂ ಅರ್ಧ ಆದಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಡುತ್ತೇನೆ. ಈ ಮಷೀನು ಮೆರಿನೊ ತಳಿಯ ಕುರಿಯಂಥ ಜಿಡ್ಡಿನ ಉಣ್ಣೆಗೆಂದು ಹುಟ್ಟಿದ್ದು. ನಮ್ಮ ಕರಿ ಕುರಿಯ ಉಣ್ಣೆ ಒರಟು, ಜಿಡ್ಡು ಕಡಿಮೆ, ಹಲ್ಲಿಗೆ ತಾನಾಗಿ ಎಣ್ಣೆ ಹಚ್ಚಿಕೊಡುವುದಿಲ್ಲ.

ಉಣ್ಣೆ ಒಂದು ಮೂಟೆಯಾಗಿದೆ. ಕೊಳ್ಳುವವರಿಲ್ಲದೆ ಎಷ್ಟೋ ಕಡೆ ಇದನ್ನು ಬೇಲಿಗೆ ಎಸೆಯುತ್ತಾರೆ, ಕೆಲವರು ಉಣ್ಣೆಯೇ ಬರದ ಯಳಗ ಕುರಿಗೆ ಹೋಗಿದ್ದಾರೆ. ನನಗೆ ಮನಸ್ಸು ಒಪ್ಪುವುದಿಲ್ಲ, ಈ ಉಣ್ಣೆಯಲ್ಲಿ ಕಂಬಳಿ ಇದೆ. ಮುಂದಿನ ಕೆಲಸ ಹಿಂಜುವ ಮಷೀನು: ಹಳೇ ಸೈಕಲ್ಲಿನ ಹಬ್ಬು, ಚೈನು, ಎರಡು ಪಿವಿಸಿ ಉರುಳೆ, ಮೇಲೆ ತಂತಿಹಲ್ಲಿನ ಪಟ್ಟಿ. ಚಿಕ್ಕ ಉರುಳೆ ನಿಧಾನ, ದೊಡ್ಡದು ಜೋರು. ಹಲ್ಲುಪಟ್ಟಿ ಚಿಲ್ಲರೆಯಾಗಿ ಕೊಡುವವರು ಇನ್ನೂ ಸಿಕ್ಕಿಲ್ಲ, ಗೊತ್ತಿದ್ದವರು ತಿಳಿಸಿ. ನೂಲಿಗೆ ಹುಣಸೆಬೀಜದ ಗಂಜಿ ಕಾಸುವ ಹದ ದೊಡ್ಡವ್ವನಿಗೆ ಗೊತ್ತು.

ಅದಕ್ಕೆ ಮೊದಲು ಇನ್ನೂ ಐದು ಕುರಿ ಬಾಕಿ. ಅವಕ್ಕೆ ಇವತ್ತು ರಾತ್ರಿ ಮೇವು ಹಾಕಿಲ್ಲ, ಹಟ್ಟಿಯಿಂದ ಒಂದೇ ಸಮ ಅರಚುತ್ತಿವೆ.