ಗರ್ಭಕೋಶ ಸರಿಯಿದೆ, ಊಟ ಸರಿಯಿಲ್ಲ

ಮುಟ್ಟು ನಿಂತಿದೆ ಅಂದ ಕೂಡಲೇ ನಮ್ಮ ಕಡೆ ಎಲ್ಲರ ಕಣ್ಣು ಹೋಗುವುದು ಹೊಟ್ಟೆಯ ಮೇಲೆ. ಅಕ್ಕನ ಮಗಳ ವಿಷಯದಲ್ಲೂ ಹಾಗೇ ಆಯ್ತು. ಶಿರಸಿಯಿಂದ ಆಯಿ ಫೋನ್ ಮಾಡಿ, "ಗರ್ಭಕೋಶದಲ್ಲೇ ಏನೋ ತೊಂದರೆ ಇರಬೇಕು, ನಾಳೆ ಮಕ್ಕಳಾಗುವುದು ಹೇಗೆ?" ಅಂದಳು. ಹುಡುಗಿ ನಮ್ಮ ಮನೆಯಲ್ಲಿದ್ದು ಓದುತ್ತಾಳೆ. ಬೆಳಗ್ಗೆ ಕಾರವಾರದ ಟಾಗೋರ್ ಕಡಲತೀರದಲ್ಲಿ ಓಟ, ರಾತ್ರಿ ಊಟಕ್ಕೆ ನಾಲ್ಕು ಹೋಳು ಸೌತೆಕಾಯಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಪರೀಕ್ಷೆ, ಸ್ಕ್ಯಾನ್ ಎಲ್ಲ ಸರಿಯಿತ್ತು. ಡಾಕ್ಟರು ಕೊನೆಗೆ ಕೇಳಿದ್ದು, "ಅನ್ನ ಬಿಟ್ಟು ಎಷ್ಟು ದಿನ ಆಯ್ತಮ್ಮಾ?"

ಪಿಯುಸಿ ಮಕ್ಕಳಿಗೆ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹಾಗಾಗಿ ಆಯಿಗೆ ಬಿಡಿಸಿ ಹೇಳುವ ಕೆಲಸ ನನಗೇ ಬಂತು.

ಮುಟ್ಟಿನ ಲೆಕ್ಕ ಶುರುವಾಗುವುದು ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್‌ನಲ್ಲಿ. ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಡುವ ನರಕೋಶಗಳು ಅಲ್ಲಿವೆ. ಇಡೀ ಮೆದುಳಿನಲ್ಲಿ ಬರೀ ಒಂದೆರಡು ಸಾವಿರ! ಮುಟ್ಟಾದ ಮೇಲಿನ ದಿನಗಳಲ್ಲಿ ಸುಮಾರು 60ರಿಂದ 90 ನಿಮಿಷಕ್ಕೊಮ್ಮೆ ಅವು ಒಂದೊಂದು ಗುಟುಕು ಬಿಡುತ್ತವೆ. ಅದು ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಂಡಾಶಯವನ್ನು. ಹೀಗೆ ಬಿಟ್ಟು ಬಿಟ್ಟು ಬರುವುದೇ ಮುಖ್ಯ. ಒಂದೇ ಸಮ ಸುರಿದರೆ ಪಿಟ್ಯುಟರಿ ಸುಮ್ಮನಾಗಿಬಿಡುತ್ತದೆ. ಇದನ್ನು 1970ರ ದಶಕದಲ್ಲಿ ಅರ್ನ್ಸ್ಟ್ ನೋಬಿಲ್ ಎಂಬ ವಿಜ್ಞಾನಿ ಮಂಗಗಳಲ್ಲಿ ತೋರಿಸಿದರು. ಐವಿಎಫ್‌ನಲ್ಲಿ (ಪ್ರನಾಳ ಶಿಶು ಚಿಕಿತ್ಸೆ) ಅಂಡ ಮೊದಲೇ ಜಾರದಂತೆ ತಡೆಯಲು ಇದೇ ಗುಣವನ್ನು ಬಳಸುವುದುಂಟು.

ಈ ಕೋಶಗಳಿಗೆ ತಾಳ ಹಾಕುವವು ಬೇರೆ, ಕಿಸ್ಪೆಪ್ಟಿನ್ ಎಂಬ ಸಂದೇಶ ಕಳಿಸುವ ನರಕೋಶಗಳು. ಆ ಸಂದೇಶ ಹಿಡಿಯುವ ಜೀನ್ ಕೆಟ್ಟರೆ ಮಕ್ಕಳು ಪ್ರಾಯಕ್ಕೇ ಬರುವುದಿಲ್ಲ ಎಂದು ಗೊತ್ತಾಗಿದ್ದು 2003ರಲ್ಲಿ. ಮೈಯ ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಇಳಿದರೆ, ಒತ್ತಡ ಏರಿದರೆ ತಾಳ ನಿಧಾನವಾಗುತ್ತದೆ. ತಿಂದದ್ದು ಓಟಕ್ಕೇ ಸಾಲದಿದ್ದರೆ ಬಸಿರು ಹೊರುವ ಮಾತೆಲ್ಲಿ, ಅಲ್ವಾ?

"ಹಾಗಾದ್ರೆ ಮಾತ್ರೆ ಕೊಡ್ಸು" ಅಂದಳು ಆಯಿ. ಗರ್ಭನಿರೋಧಕ ಮಾತ್ರೆ ಕೊಟ್ಟರೆ ತಿಂಗಳು ತಿಂಗಳು ರಕ್ತ ಹೋಗುತ್ತದೆ, ನಿಜ. ಆದರೆ ಹೈಪೋಥಲಾಮಸ್ ಏಳುವುದಿಲ್ಲ. ಜಾಸ್ತಿ ತಿನ್ನಬೇಕು, ಓಟ ಕಡಿಮೆ ಮಾಡಬೇಕು. ಸುಮ್ನೆ ಕಾಯುವುದೂ ತಪ್ಪು. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಇಲ್ಲದೆ ಮೂಳೆ ಸವೆಯುತ್ತದೆ.

ಮದುವೆಯಾದವರಿಗೆ ಇನ್ನೊಂದು ಮಾತು. ಊಟ ಸರಿಹೋದ ಮೇಲೆ ಮೊದಲು ಅಂಡ ಬಿಡುಗಡೆಯಾಗಿ, ಮುಟ್ಟು ಆಮೇಲೆ ಬರಬಹುದು. ಮುಟ್ಟೇ ಇಲ್ಲ ಅಂತ ಧೈರ್ಯವಾಗಿದ್ದು ಬಸಿರಾದವರಿದ್ದಾರೆ.