ಲಕ್ಕುಂಡಿಗೆ ಹೋದರೆ ಮೊದಲು ಬಾವಿಗೆ ಇಳಿಯಿರಿ

ಹುಬ್ಬಳ್ಳಿ-ಧಾರವಾಡದಿಂದ ಲಕ್ಕುಂಡಿಗೆ ಹೋಗುವವರು ಸಾಮಾನ್ಯವಾಗಿ ಕಾಶಿ ವಿಶ್ವೇಶ್ವರ ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು, ಬ್ರಹ್ಮ ಜಿನಾಲಯಕ್ಕೆ ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ಗದಗಕ್ಕೆ ವಾಪಸಾಗುತ್ತಾರೆ. ಗುಡಿಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚಾಲುಕ್ಯರ ಕಾಲದ ಗುಡಿಗಳು ನಮ್ಮ ಭಾಗದಲ್ಲಿ ಊರೂರಿಗೂ ಇವೆ. ಒಂದು ಪಟ್ಟಣ ತನ್ನ ಜನಕ್ಕೆಂದು ಕಲ್ಲಿನಲ್ಲಿ ಕಟ್ಟಿಸಿಕೊಂಡ, ಈಗ ಯಾರೂ ಕೊಡ ಹಿಡಿದು ಬಾರದ ಬಾವಿಗಳನ್ನು ಒಂದೇ ಕಡೆ ನೋಡಬೇಕೆಂದರೆ ಲಕ್ಕುಂಡಿಗೇ ಬರಬೇಕು. 101 ಗುಡಿ, 101 ಬಾವಿ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಎಣಿಸಿದವರು ಯಾರೆಂದು ಮಾತ್ರ ಕೇಳಬೇಡಿ.

ದಾರಿ ಕಷ್ಟವಿಲ್ಲ. ಹುಬ್ಬಳ್ಳಿಯಿಂದ ಗದಗ 60 ಕಿಲೋಮೀಟರ್‌ಗೆ ಹತ್ತಿರ. ರೈಲೂ ಇದೆ, ಬಸ್ಸೂ ಇದೆ. ಗದಗದಿಂದ ಕೊಪ್ಪಳದ ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ಹೋದರೆ ಲಕ್ಕುಂಡಿ. ಬಸ್ ಹತ್ತುವ ಮೊದಲೇ ನಿರ್ವಾಹಕರನ್ನು ಕೇಳಿ: ದೂರದೂರಿನ ವೇಗದ ಬಸ್ಸುಗಳು ಎಲ್ಲವೂ ಅಲ್ಲಿ ನಿಲ್ಲುವುದಿಲ್ಲ.

ಊರೊಳಗೆ ಮೊದಲು ಕೇಳಬೇಕಾದದ್ದು ಮಾಣಿಕೇಶ್ವರ ಗುಡಿ. ಅದರ ಮಗ್ಗುಲಲ್ಲೇ ಮುಸುಕಿನ ಬಾವಿ ಇದೆ. ಮೇಲೆ ನಿಂತು ಇಣುಕಿ ನೋಡಿ ಹೊರಟುಬಿಟ್ಟರೆ ಅದೊಂದು ಕಲ್ಲಿನ ಹೊಂಡ, ಅಷ್ಟೆ. ಇಳಿಯಬೇಕು. ಪಾವಟಿಗೆಗಳು ಚಿಕ್ಕವು, ಕಡಿದಾದವು. ದೇಹ ತಾನಾಗಿ ಓರೆಯಾಗಿ ತಿರುಗುತ್ತದೆ. ಇಳಿಯುತ್ತಾ ಹೋದಂತೆ ಗೋಡೆಯಲ್ಲಿ ಸಾಲಾಗಿ ಪುಟ್ಟ ಗೂಡುಗಳು ಕಾಣಿಸುತ್ತವೆ. ಒಂದೊಂದೂ ತನ್ನದೇ ಶಿಖರವಿರುವ ಕಿರುಗುಡಿ. ಅವುಗಳಲ್ಲಿ ಮೂರ್ತಿ ಹುಡುಕಿದರೆ ಹೆಚ್ಚಿನವು ಖಾಲಿ. ನಾನು ಒಂದು ಗೂಡಿನ ಮುಂದೆ ಕುಳಿತು ಶಿಖರದ ಮಟ್ಟಗಳನ್ನು ಬೆರಳಿಟ್ಟು ಎಣಿಸಿದೆ: ನಿಜವಾದ ಗುಡಿಗೆ ಎಷ್ಟು ಅಚ್ಚುಕಟ್ಟು ಬೇಕೋ ಅಷ್ಟನ್ನೂ ಮೊಳದಷ್ಟು ಎತ್ತರದಲ್ಲಿ ಮಾಡಿಟ್ಟಿದ್ದಾರೆ. ನೀರು ತರಲು ಬಂದವರು ನೋಡಲೆಂದು ಇಷ್ಟು ಕೆಲಸ! ಗುಡಿಯ ಕಡೆಯಿಂದ ಸೇತುವೆಯಂತಹ ಒಂದು ರಚನೆ ಬಾವಿಯತ್ತ ಚಾಚಿಕೊಂಡಿದೆ. ಅದನ್ನು ಮೇಲಿನಿಂದ ನೋಡುವುದೇ ಬೇರೆ, ಬಾವಿಯೊಳಗಿನಿಂದ ತಲೆಯೆತ್ತಿ ನೋಡುವುದೇ ಬೇರೆ.

ಇಷ್ಟೆಲ್ಲ ಯಾಕೆ ಕಟ್ಟಿದರು ಎಂಬುದಕ್ಕೆ ಉತ್ತರ ಮಳೆಯಲ್ಲಿದೆ. ಗದಗ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್, ಅದೂ ಹೇಳಿ ಕೇಳಿ ಬರುವ ಮಳೆಯಲ್ಲ. ಲಕ್ಕುಂಡಿಯ ಮಗ್ಗುಲಲ್ಲಿ ದೊಡ್ಡ ಹೊಳೆಯೂ ಇಲ್ಲ. ಆದರೆ ಆಗಿನ ಲೊಕ್ಕಿಗುಂಡಿ ಸಣ್ಣ ಊರಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಇಲ್ಲಿ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಇಲ್ಲಿನ ಟಂಕಸಾಲೆಯ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಎಂಬ ಹೆಸರೇ ಇತ್ತು. 1192ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಇದನ್ನು ತನ್ನ ನೆಲೆಯಾಗಿ ಮಾಡಿಕೊಂಡ. ವ್ಯಾಪಾರಿಗಳು, ಅಕ್ಕಸಾಲಿಗರು, ದಂಡು, ದನಕರು ಎಲ್ಲಕ್ಕೂ ನೀರು ಬೇಕು.

ಸೇದುವ ಬಾವಿಯಲ್ಲಿ ಹಗ್ಗದ ಉದ್ದವೇ ಲೆಕ್ಕ. ಪಾವಟಿಗೆಯ ಬಾವಿಯಲ್ಲಿ ಹಾಗಲ್ಲ. ಶ್ರಾವಣದಲ್ಲಿ ಮೇಲಿನ ಪಾವಟಿಗೆಯಲ್ಲೇ ಕೊಡ ಮುಳುಗಿಸಬಹುದು. ಬೇಸಿಗೆಯಲ್ಲಿ ನೀರು ಇಳಿದಷ್ಟೂ ಜನ ಇಳಿಯುತ್ತಾರೆ. ಹಗ್ಗ ಬೇಡ, ರಾಟೆ ಬೇಡ, ಏಕಕಾಲಕ್ಕೆ ಹತ್ತಾರು ಜನ ತುಂಬಿಕೊಳ್ಳಬಹುದು. ಕೊಳವೆಬಾವಿ, ನಲ್ಲಿ ಬಂದ ಮೇಲೆ ಈ ಅನುಕೂಲ ಯಾರಿಗೂ ಬೇಕಾಗಲಿಲ್ಲ. ಬಳಸದ ಬಾವಿಯ ಹೂಳನ್ನು ಯಾರು ತೆಗೆಯುತ್ತಾರೆ? ಹೂಳು ತುಂಬಿತು, ಒರತೆ ಕಟ್ಟಿತು, ಹಸಿರು ನೀರು ನಿಂತಿತು. ಆ ಹಸಿರಿನಲ್ಲಿ ಕಣ್ಣಿಟ್ಟು ಕುಳಿತರೆ ಬೆರಳುದ್ದದ ಮೀನುಗಳು ಮೇಲೆ ಬಂದು ಗುಟುಕು ಗಾಳಿ ಕುಡಿದು ಹೋಗುವುದು ಕಾಣುತ್ತದೆ. ಮಂಡಕ್ಕಿ ಎಸೆದು ಅವನ್ನು ಕರೆಯುವ ಚಪಲ ಬೇಡ. ಕೊಳೆಯುವುದು ಅದೇ ನೀರು.

ಕನ್ನೇರ ಬಾವಿ ಮತ್ತು ಉಳಿದವುಗಳಿಗೆ ಫಲಕ ನಂಬಿ ಹೋಗುವುದಕ್ಕಿಂತ ಊರವರನ್ನು ಕೇಳುವುದು ಒಳ್ಳೆಯದು. ಕಟ್ಟೆಯ ಮೇಲೆ ಕುಳಿತ ಯಜಮಾನರೊಬ್ಬರನ್ನು "ಅಜ್ಜಾ, ಹಳೆಯ ಬಾವಿ ಎಲ್ಲಿದೆ?" ಎಂದು ಕೇಳಿದ್ದಕ್ಕೆ "ಯಾವುದು ಬೇಕು, ಕಸ ಇರುವುದೋ ನೀರು ಇರುವುದೋ?" ಎಂದರು. ಎರಡನ್ನೂ ನೋಡಿ ಎಂದೇ ನನ್ನ ಸಲಹೆ. ಜಾಲಿ ಬೆಳೆದು ಅರ್ಧ ಮುಚ್ಚಿದ ಬಾವಿಯನ್ನು ನೋಡಿದ ಮೇಲೆಯೇ ಮುಸುಕಿನ ಬಾವಿಯನ್ನು ಉಳಿಸಿಕೊಂಡ ಶ್ರಮ ಎಷ್ಟೆಂದು ಅರ್ಥವಾಗುವುದು. ಕೆಲವು ಬಾವಿಗಳು ಮನೆಗಳ ಹಿತ್ತಲಿಗೆ, ಹೊಲಕ್ಕೆ ಅಂಟಿಕೊಂಡಿವೆ. ಕೇಳಿಯೇ ಒಳಗೆ ಹೋಗಿ.

ಯಾವಾಗ ಹೋಗಬೇಕು? ಕೆತ್ತನೆ ನೋಡುವ ಆಸೆಯಿದ್ದರೆ ಫೆಬ್ರವರಿಯಲ್ಲಿ: ನೀರು ಇಳಿದು ಕೆಳಗಿನ ಪಾವಟಿಗೆಗಳು ಹೊರಬಿದ್ದಿರುತ್ತವೆ, ಬಿಸಿಲು ಇನ್ನೂ ಏರಿರುವುದಿಲ್ಲ. ನೀರು ತುಂಬಿದ ಚಿತ್ರ ಬೇಕಿದ್ದರೆ ಮಳೆಗಾಲ ಮುಗಿದ ಕೂಡಲೇ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಲಾಗದು. ಮಳೆಗಾಲದಲ್ಲಿ ಎರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡೇ ಬರುತ್ತದೆ. ಅದೇ ಚಪ್ಪಲಿಯಲ್ಲಿ ಪಾಚಿ ಹಿಡಿದ ಪಾವಟಿಗೆ ಇಳಿದರೆ ನೇರ ನೀರಿಗೆ. ಹಿಡಿದುಕೊಳ್ಳಲು ಕಂಬಿ ಇರುತ್ತದೆ ಎಂದು ಎಣಿಸಬೇಡಿ. ಮಕ್ಕಳಿದ್ದರೆ ಒಬ್ಬರು ಮೇಲೆಯೇ ಉಳಿಯಬೇಕು. ಗೂಡಿನೊಳಗೆ ಕೈ ಹಾಕಬೇಡಿ, ಹಾವು ಇರಬಹುದು. ಸಂರಕ್ಷಿತ ಸ್ಮಾರಕಗಳಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಊಟಕ್ಕೆ ಗದಗದ ಖಾನಾವಳಿಗಳೇ ಸರಿ: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಲಕ್ಕುಂಡಿಗೆ ಹೋಗುವಾಗ ನೀರಿನ ಬಾಟಲಿ ಮರೆಯಬೇಡಿ. ಗದಗದಲ್ಲೇ ಸಮಯ ಉಳಿದರೆ ತ್ರಿಕೂಟೇಶ್ವರದ ಆವರಣದಲ್ಲಿ ಇನ್ನೊಂದು ಪಾವಟಿಗೆಯ ಬಾವಿ ಸಿಗುತ್ತದೆ.

ಸ್ವಂತ ಗಾಡಿ ಇದ್ದವರು ಲಕ್ಕುಂಡಿಯಿಂದ ಸುಮಾರು 20 ಕಿಲೋಮೀಟರ್ ಮುಂದೆ, ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗಬಹುದು. 1112ರ ಮಹಾದೇವ ದೇವಾಲಯದ ಪಕ್ಕದಲ್ಲೂ ಪುಷ್ಕರಣಿ ಇದೆ. ರೋಣದ ಕಡೆ ಹೊರಟರೆ ಸೂಡಿಯ ನಾಗಕುಂಡ, ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಎರಡನ್ನೂ ಲಕ್ಕುಂಡಿಯ ಜೊತೆ ಒಂದೇ ದಿನಕ್ಕೆ ತುರುಕಬೇಡಿ. ಬಸ್ಸಿನಲ್ಲಿ ಬಂದವರು ಇಟಗಿ, ಸೂಡಿ ಎರಡನ್ನೂ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳುವುದೇ ಲೇಸು. ಸಂಜೆ ಆ ಊರುಗಳಿಂದ ವಾಪಸ್ ಬಸ್ ಹಿಡಿಯುವುದು ನಿಮ್ಮ ಕೈಯಲ್ಲಿಲ್ಲ.